ಏಳನೇ ದೊಡ್ಡಿಯ ಗೋದಲಿ ಓದಿದವಳು

ನನ್ನ ಹೆಂಡತಿ ಬರ್ನಾಡಿನ್ ಪತ್ರಿಕೆ ಓದಿದ್ದು ಕಮ್ಮಿ, ಗೋದಲಿ ಓದಿದ್ದೇ ಜಾಸ್ತಿ. ನಗಬೇಡಿ, ನಮ್ಮ ನೆಬ್ರಾಸ್ಕಾದಲ್ಲಿ ಅದೂ ಒಂದು ಉದ್ಯೋಗ. ಮಾಂಸದ ಹೋರಿಗಳಿಗೆ ಏನು, ಎಷ್ಟು ತಿನ್ನಿಸಿದರೆ ಎಷ್ಟು ಮೈ ಬರುತ್ತೆ ಅಂತ ಪರೀಕ್ಷೆ ಮಾಡೋಕೆ ವಿಶ್ವವಿದ್ಯಾಲಯದವರು ಇಲ್ಲಿ ಎಂಟು ದೊಡ್ಡಿ ಕಟ್ಟಿಸಿದ್ದರು. ದಿನಾ ಬೆಳಿಗ್ಗೆ ಆರಕ್ಕೆ ಇವಳು ಸಿಮೆಂಟಿನ ಗೋದಲಿಗಳ ಉದ್ದಕ್ಕೂ ನಡೆದು, ನಿನ್ನೆಯ ಮೇವು ಎಷ್ಟು ಉಳಿದಿದೆ ನೋಡಿ ಅಂಕ ಹಾಕಬೇಕು. ನೆಕ್ಕಿ ಸಾಫು ಮಾಡಿದ್ದರೆ ಸೊನ್ನೆ, ಮುಟ್ಟದೇ ಬಿಟ್ಟಿದ್ದರೆ ನಾಲ್ಕು. ಆ ಅಂಕ ನೋಡಿಕೊಂಡು ನಾನು ಮೇವಿನ ಲಾರಿ ತುಂಬಬೇಕು. ಮನೇಲೂ ಅವಳದೇ ಹುಕುಂ, ದೊಡ್ಡೀಲೂ ಅವಳದೇ. ಹತ್ತೊಂಬತ್ತು ವರ್ಷ!

ನನ್ನ ಊಟದ ತಟ್ಟೆಗೂ ಅಂಕ ಬೀಳುತ್ತಿತ್ತು. "ಇವತ್ತು ಎರಡು, ಲ್ಯಾಂಬರ್ಟ್. ಹೊರಗೆ ಎಲ್ಲೋ ತಿಂದು ಬಂದಿದ್ದೀಯ," ಅನ್ನೋಳು. ತಿಂದೇ ಬಂದಿರುತ್ತಿದ್ದೆ, ಹಾಳಾಗ್ಲಿ.

ಆ ವರ್ಷದ ಪ್ರಯೋಗ ಕಾರ್ಲಾ ಹಿಂಟ್ಜ್ ಅನ್ನೋ ಹುಡುಗಿಯದು. ಡಾಕ್ಟರೇಟಿಗೆ ಓದುತ್ತಿದ್ದಳು, ಎರಡು ವರ್ಷದಿಂದ ಇದೇ ತಪಸ್ಸು. ನಾಲ್ಕು ದೊಡ್ಡಿಗೆ ಹೊಟ್ಟೆ ತುಂಬ ಮೇವು, ನಾಲ್ಕಕ್ಕೆ ಸ್ವಲ್ಪ ಕೈ ಬಿಗಿಹಿಡಿದು. ಕಮ್ಮಿ ತಿಂದೂ ಅಷ್ಟೇ ತೂಕ ಬರುತ್ತಾ ಅಂತ ನೋಡೋದು. ಅವಳ ಮೇವಿನ ಚೀಟಿಯಲ್ಲಿ ಇಲ್ಲದ ಒಂದು ಕಡ್ಡಿಯೂ ಗೋದಲಿಗೆ ಬೀಳಬಾರದು. ಹಾಕಿದವನು ಲಾರಿಯಿಂದ ಇಳಿದ ಹಾಗೇ ಅಂತ ಮೊದಲೇ ಹೇಳಿದ್ದರು.

ಫೆಬ್ರವರಿಯಲ್ಲಿ ಹಿಮಗಾಳಿ ಬರುತ್ತೆ ಅಂತ ರೇಡಿಯೋದಲ್ಲಿ ಹೇಳಿದರು. ಮಧ್ಯಾಹ್ನವೇ ಆಕಾಶ ಕಪ್ಪಾಯಿತು. ಏಳನೇದು ಕೈಬಿಗಿ ದೊಡ್ಡಿ. ಅಲ್ಲಿನ ಹೋರಿಗಳು ಖಾಲಿ ಗೋದಲಿಗೆ ಕುತ್ತಿಗೆ ಚಾಚಿಕೊಂಡು ನನ್ನನ್ನೇ ನೋಡಿ ಅರಚಿದವು. ನಾನು ರೈತನ ಮಗ ಸ್ವಾಮಿ. ಹಿಮ ಬೀಳೋ ಮುಂಚೆ ದನದ ಮುಂದೆ ಹುಲ್ಲು ಹರಡದೇ ನಮ್ಮಪ್ಪ ಒಂದು ದಿನ ಊಟಕ್ಕೆ ಕೂತವನಲ್ಲ. ಕೈ ತಡೀಲಿಲ್ಲ. ಶೆಡ್ಡಿನಿಂದ ಎರಡು ಕಟ್ಟು ಒಣಹುಲ್ಲು ತಂದು ಹಾಕೇಬಿಟ್ಟೆ. ಒಂದು ತಾಸಿನಲ್ಲಿ ಎಲ್ಲಾ ತಿಂದು ಮುಗಿಸುತ್ತವೆ, ಯಾರಿಗೆ ಗೊತ್ತಾಗುತ್ತೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮಾರನೇ ಬೆಳಿಗ್ಗೆ ಹಿಮ ನಿಂತಿತ್ತು. ಬರ್ನಾಡಿನ್ ಏಳನೇ ಗೋದಲಿ ಹತ್ತಿರ ನಿಂತವಳು ಕದಲಲೇ ಇಲ್ಲ. ಕೈಗವಸು ಬಿಚ್ಚಿ, ಮೂಲೆಯಿಂದ ಬೆರಳುದ್ದದ ಹುಲ್ಲಿನ ಕಾಂಡ ಎತ್ತಿದಳು.

"ಇದೆಲ್ಲಿಂದ ಬಂತು?"

"ಗಾಳಿಗೆ ಬಂದಿರುತ್ತೆ ಬಿಡೇ."

"ಓಹೋ! ಆರನೇದು, ಎಂಟನೇದು ಬಿಟ್ಟು ನಡುವಿನ ಏಳಕ್ಕೇ ಬಂತಾ? ಭಾರೀ ಬುದ್ಧಿವಂತ ಗಾಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ನನ್ನ ಕೈ ತಾನಾಗೇ ಕೋಟಿನ ತೋಳು ಕೊಡವಿತು. ಅಷ್ಟು ಸಾಕಾಯಿತು ಅವಳಿಗೆ.

"ಎಷ್ಟು ಹಾಕ್ದೆ?"

"ಎರಡು ಕಟ್ಟು. ಬರೀಬೇಡ್ವೇ, ನಿನ್ನ ದಮ್ಮಯ್ಯ. ಈ ವಯಸ್ಸಲ್ಲಿ ಲಾರಿ ಬಿಟ್ರೆ ನಂಗೇನು ಬರುತ್ತೆ?"

ಅವಳು ಅಂಕದ ಹಾಳೆಯಲ್ಲಿ ಬರೆದಳು. 'ಏಳನೇ ದೊಡ್ಡಿ, ಎರಡು ಕಟ್ಟು ಹುಲ್ಲು, ಹಾಕಿದವರು ಲ್ಯಾಂಬರ್ಟ್ ವಾವ್ರಾ.' ನನ್ನ ಪೂರ್ತಿ ಹೆಸರು, ಗುಂಡಗಿನ ಅಕ್ಷರದಲ್ಲಿ! ಮದುವೆ ರಿಜಿಸ್ಟರಿನಲ್ಲೂ ಇಷ್ಟು ಚೆಂದ ಬರೆದಿರಲಿಲ್ಲ ಮಾರಾಯ್ತಿ.

ಹಾಳೆ ನೋಡಿ ಕಾರ್ಲಾ ಅತ್ತೇಬಿಟ್ಟಳು. ಒಂದು ದೊಡ್ಡಿ ಬಿಟ್ಟರೆ ಲೆಕ್ಕವೆಲ್ಲ ಕುಂಟುತ್ತೆ. ಆಮೇಲೆ ಮೆಲ್ಲಗೆ ಅಂದಳು, "ಮಿಸೆಸ್ ವಾವ್ರಾ, ಒಂದೇ ದಿನದ ಹುಲ್ಲು ಅಲ್ವಾ... ಈ ಹಾಳೆ ಇನ್ನೊಂದ್ಸಲ ಬರೆದ್ರೆ ಯಾರಿಗೂ ಗೊತ್ತಾಗಲ್ಲ."

ಒಪ್ಪಿಕೋ, ಒಪ್ಪಿಕೋ ಅಂತ ಮನಸ್ಸಲ್ಲೇ ಹೆಂಡತಿಯ ಕಾಲಿಗೆ ಬಿದ್ದೆ.

"ನಂಗೆ ಗೊತ್ತಲ್ಲಮ್ಮ," ಅಂದಳು ಬರ್ನಾಡಿನ್. "ನಾಳೆ ನಿನ್ನ ಲೆಕ್ಕ ನಂಬಿ ಯಾರೋ ರೈತ ಅವನ ದನಕ್ಕೆ ಮೇವು ಕಮ್ಮಿ ಮಾಡ್ತಾನೆ. ಅವನಿಗೆ ಏನಂತ ಹೇಳ್ಲಿ?"

ಕಾರ್ಲಾ ಮೂಗು ಒರೆಸಿಕೊಂಡು ಹಾಳೆಗೆ ರುಜು ಹಾಕಿದಳು. ಅವಳ ಡಾಕ್ಟರೇಟು ಇನ್ನೊಂದು ಚಳಿಗಾಲ ಮುಂದಕ್ಕೆ ಹೋಯಿತು.

ನನ್ನನ್ನು ಲಾರಿಯಿಂದ ಇಳಿಸಿ, ಸಗಣಿ ಗೋರೋಕೆ ಹಾಕಿದರು. ದೊಡ್ಡಿಯ ನಡುವೆ ಯಂತ್ರ ಓಡುತ್ತೆ, ಬೇಲಿಯ ಬುಡ, ಗೋದಲಿಯ ಅಂಚೆಲ್ಲ ಕೈಯಲ್ಲೇ ಆಗಬೇಕು. ಹೆಪ್ಪುಗಟ್ಟಿದ ಸಗಣಿ ಅಂದರೆ ಕಲ್ಲೇ. ಐದು ದಿನ ನಾನು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಗಸಗಸೆ ಹೂರಣ ತುಂಬಿದ ಸಿಹಿ ಬನ್ನು, ನಮ್ಮ ಕೊಲಾಚಿ, ಮಾಡಿಟ್ಟಳು, ಅದು ನನ್ನ ಪ್ರಾಣ, ಆದರೂ ಮುಟ್ಟಲಿಲ್ಲ. ಅವಳು ತಟ್ಟೆ ನೋಡಿ "ನಾಲ್ಕು" ಅಂದಳು. ಕೆಂಡದಂಥ ಸಿಟ್ಟು ನನಗೆ.

ಆರನೇ ದಿನ ಬೆಳಿಗ್ಗೆ ಎಂಟು ಗಂಟೆಗೆ ಅವಳ ಪಾಳಿ ಮುಗಿಯಿತು. ಮನೆಗೆ ಹೋಗೋಳು ಹೋಗಲಿಲ್ಲ. ಶೆಡ್ಡಿನಿಂದ ಇನ್ನೊಂದು ಸಲಿಕೆ ಹಿಡಿದುಕೊಂಡು ಬಂದು ನನ್ನ ಪಕ್ಕ ನಿಂತಳು. ಅರವತ್ತೊಂದು ವರ್ಷದವಳು, ಮೊಣಕಾಲು ನೋವಿನವಳು.

"ನಿನ್ನ ಯಾರು ಕರೆದ್ರು?" ಅಂದೆ.

"ಯಾರೂ ಕರೀಲಿಲ್ಲ."

"ಹೆಸರು ಬರೆಯುವಾಗ ಗಂಡ ಅಂತ ನೆನಪಿರ್ಲಿಲ್ಲ, ಈಗ ಬಂತೇನು?"

"ಬರೆಯುವಾಗಲೂ ನೆನಪಿತ್ತು ಲ್ಯಾಂಬರ್ಟ್. ಅದಕ್ಕೇ ಆವತ್ತು ಪೆನ್ನು ಮುಂದಕ್ಕೇ ಹೋಗಲಿಲ್ಲ. ಅಷ್ಟು ಗುಂಡಗೆ ಯಾಕೆ ಬರೆದೆ ಅಂದ್ಕೊಂಡೆ? ನಿಧಾನಕ್ಕೆ ಬರೆದೆ, ಅದಕ್ಕೆ."

ಅವಳು ಆಗಲೇ ಬೇಲಿಯ ಬುಡಕ್ಕೆ ಸಲಿಕೆ ಹಾಕಿದ್ದಳು. ಅಲ್ಲಿ ಸಗಣಿ ಹೆಚ್ಚು ಗಟ್ಟಿಯಾಗಿತ್ತು. "ಅತ್ತ ಸರ್ಕೊಳ್ಳೇ," ಅಂದು ಆ ಜಾಗದಲ್ಲಿ ನಾನು ನಿಂತು, ಮೆತ್ತಗಿನ ಜಾಗ ಅವಳಿಗೆ ಬಿಟ್ಟೆ.