ಗೋಡೆ ತಟ್ಟಿ ಖರ್ಚು ಹೇಳುವ ಹಫೀಜಾ

ಬೆಳಿಗ್ಗೆ ಆರೂಮುಕ್ಕಾಲು. ಶಿವಮೊಗ್ಗದ ಆಲ್ಕೊಳ ಸರ್ಕಲ್‌ನಿಂದ ಒಳಗೆ ಮೂರನೇ ತಿರುವಿನಲ್ಲಿ ಒಂದು ಹಳೆಯ ಹೆಂಚಿನ ಮನೆ. ಮನೆಯವರು ಇನ್ನೂ ಹಲ್ಲುಜ್ಜುತ್ತಿದ್ದಾರೆ. ಹಫೀಜಾ ಆಗಲೇ ದಕ್ಷಿಣದ ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿ, ಗೋಡೆಯ ಉದ್ದಕ್ಕೂ ನೋಡುತ್ತಿದ್ದಾರೆ. ಆಮೇಲೆ ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಮುಂದೆ ಸಾಗುತ್ತಾರೆ. ಕಿಟಕಿಯ ಕೆಳಗೆ ಬಂದಾಗ ಸದ್ದು ಪೊಳ್ಳಾಗುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಸುತ್ತು ಬೀಳುತ್ತದೆ.

"ಈ ಹೊತ್ತಿಗೆ ಬಿಸಿಲು ಓರೆ ಇರುತ್ತೆ. ಗೋಡೆ ಎಲ್ಲಿ ಉಬ್ಬಿದೆಯೋ ಅಲ್ಲಿ ನೆರಳು ಬೀಳುತ್ತೆ. ಹನ್ನೊಂದು ಗಂಟೆಗೆ ಬಂದ್ರೆ ಎಲ್ಲಾ ಗೋಡೆನೂ ಚೆನ್ನಾಗೇ ಕಾಣುತ್ತೆ ಸಾರ್," ಎನ್ನುತ್ತಾರೆ.

ಹಳೆಯ ಮನೆ ರಿಪೇರಿಗೆ ಎಷ್ಟು ಖರ್ಚಾಗುತ್ತದೆ ಎಂದು ಮೊದಲೇ ನೋಡಿ ಹೇಳುವುದು ಐವತ್ತಮೂರರ ಹಫೀಜಾ ಅವರ ಕೆಲಸ. ಕಟ್ಟುವುದು ಅವರಲ್ಲ, ಸಾಮಾನು ಮಾರುವುದೂ ಅವರಲ್ಲ. ಬರೀ ಅಂದಾಜು. ಹದಿನಾಲ್ಕು ವರ್ಷದಲ್ಲಿ ಶಿವಮೊಗ್ಗ, ಭದ್ರಾವತಿ ಸೇರಿ ಸಾವಿರಕ್ಕೂ ಹೆಚ್ಚು ಮನೆ ನೋಡಿದ್ದಾರೆ. ಊರೊಳಗಾದರೆ ಆರುನೂರು ರೂಪಾಯಿ, ಭದ್ರಾವತಿಗಾದರೆ ಸ್ಕೂಟಿಯ ಪೆಟ್ರೋಲ್ ಸೇರಿ ಎಂಟುನೂರು. ವಾರಕ್ಕೆ ಮೂರು ಮನೆ ಸಿಕ್ಕರೆ ಒಳ್ಳೆಯ ವಾರ.

ಮಲವಗೊಪ್ಪದಲ್ಲಿ ಅವರ ಮನೆ. ಗಂಡ ಲತೀಫ್ ಗಾರೆ ಮೇಸ್ತ್ರಿಯಾಗಿದ್ದವರು. ಮದುವೆಯಾದ ವರ್ಷದಿಂದಲೇ ಹಫೀಜಾ ಅವರ ಜೊತೆ ಗಾರೆ ಹೊತ್ತರು. ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಲತೀಫ್ ಏಣಿ ಹತ್ತಲಿಲ್ಲ. ಬೇರೆ ಮೇಸ್ತ್ರಿಗಳ ಕೈಕೆಳಗೆ ಹಫೀಜಾ ಒಬ್ಬರೇ ಕೂಲಿಗೆ ಹೋಗತೊಡಗಿದರು.

ಅದೇ ವರ್ಷ ತಂಗಿಯ ಮನೆಯ ಮಾಡು ರಿಪೇರಿಗೆ ತೊಂಬತ್ತು ಸಾವಿರ ಸಾಕು ಎಂದು ಒಬ್ಬ ಮೇಸ್ತ್ರಿ ಹೆಂಚು ಇಳಿಸಿದ. ಇಳಿಸಿದ ಮೇಲೆ ಒಂದು ಲಕ್ಷದ ಅರವತ್ತು ಸಾವಿರ ಬೇಕು ಎಂದ. ಅಷ್ಟು ದುಡ್ಡು ಇರಲಿಲ್ಲ. ಇಡೀ ಮಳೆಗಾಲ ತಂಗಿಯ ಸಂಸಾರ ಟಾರ್ಪಾಲಿನ ಕೆಳಗೆ ಕಳೆಯಿತು.

"ಕಿತ್ತ ಮೇಲೆ ರೇಟು ಹೇಳಿದ್ರೆ ಬಡವರು ಎಲ್ಲಿಗೆ ಹೋಗ್ಬೇಕು? ಅವತ್ತೇ ಅಂದ್ಕೊಂಡೆ, ಕೀಳೋಕೆ ಮುಂಚೆ ಹೇಳೋರು ಒಬ್ರು ಬೇಕು ಅಂತ," ಎನ್ನುವಾಗ ಅವರ ದನಿ ಈಗಲೂ ಏರುತ್ತದೆ.

ಗಂಡನೇ ಗುರು. ಎಷ್ಟಡಿ ಗೋಡೆಗೆ ಎಷ್ಟು ಮೂಟೆ ಸಿಮೆಂಟು, ಯಾವ ಮರಕ್ಕೆ ಗೆದ್ದಲು ಬೇಗ ಹತ್ತುತ್ತದೆ, ಮಣ್ಣಿನ ಗಾರೆಯ ಗೋಡೆಯನ್ನು ಎಲ್ಲಿ ಮುಟ್ಟಬಾರದು, ಎಲ್ಲವನ್ನೂ ಲತೀಫ್ ಮಂಚದ ಮೇಲಿಂದಲೇ ಹೇಳಿಕೊಟ್ಟರು. "ನಾನು ಹೇಳಿದ್ದನ್ನ ಇವಳು ಹಾಗೇ ನಂಬ್ತಿರ್ಲಿಲ್ಲ. ಹೋಗಿ ನೋಡ್ಕೊಂಡು ಬಂದು ನನ್ನತ್ರಾನೇ ಜಗಳ ಆಡ್ತಿದ್ಲು. ಭಾರಿ ಜಿದ್ದಿನವಳು," ಎಂದು ಅವರು ನಗುತ್ತಾರೆ.

ಆ ಜಿದ್ದು ಎಂಥದ್ದೆಂದು ಭದ್ರಾವತಿಯ ವೀರೇಂದ್ರ ಬಲ್ಲರು. ಅವರು ಲೇತ್ ಅಂಗಡಿಯಲ್ಲಿ ಕೆಲಸಗಾರ. ಹಳೇನಗರದ ಅವರ ಮನೆಗೆ ಅರವತ್ತು ವರ್ಷ. ಹೋದ ವರ್ಷ ಒಬ್ಬ ಗುತ್ತಿಗೆದಾರ ಬಂದು, ಮನೆ ಪೂರ್ತಿ ಹೋಗಿದೆ, ಕೆಡವಿ ಕಟ್ಟಲು ಇಪ್ಪತ್ನಾಲ್ಕು ಲಕ್ಷ ಎಂದ. ಸಾಲ ತೀರಲು ಇಪ್ಪತ್ತು ವರ್ಷ. ವೀರೇಂದ್ರ ಅವರಿಗೆ ಆಗಲೇ ನಲವತ್ತಾರು. ಬೇರೆ ಯಾರನ್ನಾದರೂ ಕೇಳೋಣ ಎಂದು ಅವರ ಹೆಂಡತಿ ರಕ್ಷಾ ಹಫೀಜಾ ಅವರ ನಂಬರ್ ಹುಡುಕಿದರು.

ಹಫೀಜಾ ಎರಡು ಬೆಳಗು ಆ ಮನೆಯಲ್ಲಿ ಕಳೆದರು. ಅಟ್ಟ ಹತ್ತಿದರು, ಒಂದೊಂದು ತೊಲೆಗೂ ಸ್ಕ್ರೂಡ್ರೈವರ್ ಚುಚ್ಚಿ ನೋಡಿದರು. ಅಡುಗೆಮನೆಯ ಒಂದು ಗೋಡೆ ಹೊಸದಾಗಬೇಕು, ಎರಡು ತೊಲೆ ಬದಲಾಗಬೇಕು, ವೈರಿಂಗ್ ಪೂರ್ತಿ ಹೊಸದು. ಆರು ಲಕ್ಷದ ಎಂಬತ್ತು ಸಾವಿರ ಎಂದು ಬರೆದುಕೊಟ್ಟರು.

ನಾಲ್ಕನೇ ದಿನ ಆ ಗುತ್ತಿಗೆದಾರ ಮಲವಗೊಪ್ಪದ ಮನೆಗೇ ಬಂದ. "ರಿಪೇರಿಗೇ ಹದಿನೈದು ಲಕ್ಷ ಆಗುತ್ತೆ ಅಂತ ಬರ್ಕೊಡಮ್ಮ. ಆಮೇಲೆ ಅವರೇ ಕೆಡವಿಸ್ತಾರೆ. ನಿಂಗೂ ಇಪ್ಪತ್ತೈದು ಸಾವಿರ ಕೊಡ್ತೀನಿ."

"ಟೀ ಕುಡೀರಿ, ಹೊರಡಿ," ಎಂದರು ಹಫೀಜಾ.

ಅವನು ಟೀ ಕುಡಿಯಲಿಲ್ಲ. ಗಾರೆ ಹೊತ್ತವಳ ಮಾತು ಕೇಳಿದರೆ ಮಾಡು ತಲೆ ಮೇಲೆ ಬೀಳುತ್ತದೆ ಎಂದು ಸಿಮೆಂಟ್ ಅಂಗಡಿಗಳಲ್ಲಿ ಹೇಳಿಕೊಂಡು ತಿರುಗಿದ. ಮೂರು ವಾರ ಹಫೀಜಾ ಅವರಿಗೆ ಹೊಸ ಕೆಲಸದ ಫೋನ್ ಬರಲಿಲ್ಲ. ಇತ್ತ ರಿಪೇರಿ ಸಾಲ ಕೇಳಲು ಹೋದ ವೀರೇಂದ್ರ ಅವರಿಗೂ ಬ್ಯಾಂಕಿನಲ್ಲಿ, ಎಂಜಿನಿಯರ್ ಸೀಲ್ ಇಲ್ಲದ ಎಸ್ಟಿಮೇಟ್ ನಡೆಯುವುದಿಲ್ಲ ಎಂಬ ಉತ್ತರ ಸಿಕ್ಕಿತು.

"ಅಕ್ಕಾ, ನಂಗ್ಯಾಕೋ ಹೆದರಿಕೆ ಆಗ್ತಿದೆ. ಕೆಡವಿಬಿಡೋಣ ಅನ್ಸುತ್ತೆ," ಎಂದು ವೀರೇಂದ್ರ ಫೋನ್ ಮಾಡಿದರು.

"ಇನ್ನೆರಡು ದಿನ ಕಾಯಪ್ಪ. ಸೀಲ್ ಇರೋರನ್ನ ನಾನೇ ಕರ್ಕೊಂಡು ಬರ್ತೀನಿ," ಎಂದರು ಹಫೀಜಾ.

ಶಿವಮೊಗ್ಗದಲ್ಲಿ ನಾಲ್ವರು ಎಂಜಿನಿಯರ್‌ಗಳು ಅವರನ್ನು ಬಾಗಿಲಿನಿಂದಲೇ ಕಳಿಸಿದರು. ಐದನೆಯವರು ಮೋನಿಕಾ, ಎರಡು ವರ್ಷದ ಹಿಂದೆ ಕಚೇರಿ ತೆರೆದವರು. "ನೋಡದೆ ಸೈನ್ ಹಾಕಲ್ಲ," ಎಂದರು. "ನೋಡದೆ ಹಾಕಿದ್ರೆ ನಾನೂ ತಗೊಳ್ಳಲ್ಲ ಮೇಡಂ," ಎಂದರು ಹಫೀಜಾ.

ಅವರಿಬ್ಬರೂ ಮನೆ ನೋಡಲು ಹೋದ ದಿನ ಸುದ್ದಿ ತಿಳಿದು ಗುತ್ತಿಗೆದಾರನೂ ಅಂಗಳಕ್ಕೆ ಬಂದ. ಅಕ್ಕಪಕ್ಕದವರು ನೆರೆದರು. "ಮೇಡಂ, ನೀವು ಓದಿದೋರು. ಡಿಗ್ರಿ ಇಲ್ಲದ ಈ ಹೆಂಗಸಿನ ಮಾತು ಕೇಳ್ತೀರಾ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಹಫೀಜಾ ಏಣಿಯನ್ನು ತಂದು ಅಟ್ಟಕ್ಕೆ ಒರಗಿಸಿದರು. "ಡಿಗ್ರಿ ಇಲ್ಲ ಸಾರ್, ನಿಜ. ಮಾಡು ಪೂರ್ತಿ ಹೋಗಿದೆ ಅಂದ್ರಲ್ಲ, ಯಾವ ತೊಲೆ ಹೋಗಿದೆ ತೋರಿಸಿ. ಮುಂದೆ ನೀವು ಹತ್ತಿ, ಹಿಂದೆ ನಾನು ಬರ್ತೀನಿ."

ಅವನು ಹತ್ತಲಿಲ್ಲ. ಆ ಮನೆಯ ಅಟ್ಟವನ್ನು ಅವನು ಒಮ್ಮೆಯೂ ಹತ್ತಿರಲಿಲ್ಲ ಎಂದು ರಕ್ಷಾ ಅಲ್ಲೇ ಹೇಳಿದರು. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಮೋನಿಕಾ ಹತ್ತಿದರು. ಮುಕ್ಕಾಲು ಗಂಟೆಯ ನಂತರ ಮೈತುಂಬ ಧೂಳಾಗಿ ಇಳಿದು ಬಂದು, "ಎರಡೇ ತೊಲೆ. ಮಿಕ್ಕಿದ್ದು ಗಟ್ಟಿಯಾಗಿದೆ," ಎಂದರು. ಅಷ್ಟು ಹೊತ್ತಿಗೆ ಗುತ್ತಿಗೆದಾರನ ಬೈಕ್ ಹೊರಟುಹೋಗಿತ್ತು.

ಸಾಲ ಸಿಕ್ಕಿತು, ಕೆಲಸ ನಡೆಯಿತು. ಒಂದು ಕಡೆ ಮಾತ್ರ ಹಫೀಜಾ ಎಡವಿದ್ದರು. ಅಡುಗೆಮನೆಯ ನೆಲದಡಿ ಒಡೆದುಹೋದ ಚರಂಡಿ ಪೈಪು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮೂವತ್ತೊಂದು ಸಾವಿರ ಹೆಚ್ಚಾಯಿತು. ಸುದ್ದಿ ಕೇಳಿದ ದಿನವೇ ಭದ್ರಾವತಿಗೆ ಹೋಗಿ, ತಾವು ಪಡೆದ ಎಂಟುನೂರನ್ನು ರಕ್ಷಾ ಅವರ ಕೈಗಿಟ್ಟರು. "ಬೇಡ ಅಕ್ಕಾ ಅಂದ್ರೂ ಕೇಳಲಿಲ್ಲ. ತಪ್ಪು ತಪ್ಪೇ ಅಂದ್ಬಿಟ್ರು," ಎನ್ನುತ್ತಾರೆ ರಕ್ಷಾ. ಈಗ ಆ ಮನೆಯಲ್ಲಿ ಐದು ಜನ ಇದ್ದಾರೆ. ಈ ಮಳೆಗಾಲದಲ್ಲಿ ಒಂದು ಹನಿಯೂ ಸೋರಲಿಲ್ಲವಂತೆ.

ಹಳೆಯದೆಲ್ಲ ಉಳಿಯಬೇಕು ಎಂಬ ಹಟ ಹಫೀಜಾ ಅವರಿಗಿಲ್ಲ. ಇದುವರೆಗೆ ನಲವತ್ತೊಂದು ಮನೆಗಳನ್ನು ಕೆಡವಿ ಎಂದೇ ಬರೆದುಕೊಟ್ಟಿದ್ದಾರೆ. ಒಂದು ಕಡೆಯಂತೂ, ಇವತ್ತಿಂದಲೇ ಮಕ್ಕಳನ್ನು ಪಕ್ಕದ ಮನೆಯಲ್ಲಿ ಮಲಗಿಸಿ ಎಂದು ಹೇಳಿ, ಮಕ್ಕಳ ಹಾಸಿಗೆಯನ್ನು ತಾವೇ ಹೊತ್ತು ಸಾಗಿಸಿದ್ದರು.

ಮೋನಿಕಾ ಅವರ ಕಚೇರಿಯಿಂದ ಈಗ ತಿಂಗಳಿಗೆ ಐದಾರು ಮನೆ ಬರುತ್ತವೆ. ಅವರ ಜೊತೆ ಕೈಜೋಡಿಸುವಾಗ ಹಫೀಜಾ ಇಟ್ಟದ್ದು ಒಂದೇ ಷರತ್ತು. ಅಂದಾಜಿನ ಹಾಳೆಯಲ್ಲಿ ಎಂಜಿನಿಯರ್ ಸೀಲಿನ ಪಕ್ಕ, ಮನೆ ನೋಡಿದವರು ಯಾರು ಎಂದು ತಮ್ಮ ಹೆಸರೂ ಇರಬೇಕು. ಬ್ಯಾಂಕಿಗೆ ಅದರ ಅಗತ್ಯವಿಲ್ಲ ಎಂದು ಮೋನಿಕಾ ಹೇಳಿನೋಡಿದರು. ಹಫೀಜಾ ಬಿಟ್ಟುಕೊಡಲಿಲ್ಲ. ಈಗ ಪ್ರತಿ ಹಾಳೆಯ ಕೊನೆಗೂ ದಪ್ಪ ಅಕ್ಷರದಲ್ಲಿ ಅವರ ಹೆಸರು, ಅದರ ಕೆಳಗೆ ಫೋನ್ ನಂಬರ್.

ಹೆಸರಿನ ಮೇಲೆ ಅಷ್ಟೊಂದು ಆಸೆಯೇ ಎಂದು ಕೇಳುತ್ತೇನೆ. ಆಲ್ಕೊಳದ ಮನೆಯ ಕೊನೆಯ ಗೋಡೆ ತಟ್ಟಿ ಮುಗಿಸಿ, ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅವರು ನನ್ನತ್ತ ತಿರುಗುತ್ತಾರೆ.

"ಆಸೆ ಅಲ್ಲ ಸಾರ್. ನಾಳೆ ಲೆಕ್ಕ ತಪ್ಪಿದ್ರೆ ಯಾರನ್ನ ಬೈಬೇಕು ಅಂತ ಜನಕ್ಕೆ ಗೊತ್ತಿರ್ಲಿ."