ವಾಸನೆಯಿಲ್ಲದ ನಿಪ್ಪಾಣಿ

ಹಾಲು ಉಕ್ಕಿದರೆ ಮನೆಗೆ ಶುಭವೆನ್ನುತ್ತಾರೆ. ತಳ ಹತ್ತಿದರೆ ಯಾರಿಗೆ ಅಶುಭವೆಂಬುದನ್ನು ಮಾತ್ರ ಯಾವ ಪಂಚಾಂಗವೂ ಹೇಳುವುದಿಲ್ಲ, ಅದು ಮದುವೆಯಾದ ಗಂಡಸು ಅನುಭವದಿಂದಲೇ ಕಲಿಯಬೇಕಾದ ವಿದ್ಯೆ. ಆರು ತಿಂಗಳ ಹಿಂದೆ ಒಂದು ಮುಂಜಾನೆ ಚಿಕ್ಕೋಡಿಯ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಶಾಂತಾ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದಳು. ನಾನು ಒಲೆಯಿಂದ ಐದು ಹೆಜ್ಜೆಯಾಚೆ ಪತ್ರಿಕೆ ಹಿಡಿದು, ಜಗತ್ತಿನ ಸಮಸ್ತ ದುರ್ಘಟನೆಗಳ ಮೇಲೆ ನಿಗಾ ಇಟ್ಟು ಕುಳಿತಿದ್ದೆ. ಆಕೆ ಓಡಿ ಬರುವಷ್ಟರಲ್ಲಿ ಪಾತ್ರೆಯ ತಳ ಕರ್ರಗಾಗಿತ್ತು.

“ಮೂಗು ಎಲ್ಲಿಟ್ಟೀರಿ?” ಎಂದಳು. ನೆಗಡಿಯಾಗಿದೆ ಎಂದೆ. ನನಗೆ ನೆಗಡಿಯಾಗಿರಲಿಲ್ಲ.

ಆಮೇಲೆ ಆಕೆ ಇಲ್ಲದ ಹೊತ್ತು ನೋಡಿ ಡಬ್ಬಿಗಳ ಮುಚ್ಚಳ ತೆಗೆದೆ. ಇಂಗು, ಲವಂಗ, ಊದುಬತ್ತಿ, ಕರ್ಪೂರ. ಕರ್ಪೂರ ಮೂಗಿನೊಳಗೆ ತಣ್ಣಗೆ ಹೋಯಿತೇ ಹೊರತು ಅದರ ವಾಸನೆ ತಿಳಿಯಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಮರುದಿನವೇ ಡಾಕ್ಟರರ ಬಳಿ ಹೋಗಬೇಕಿತ್ತು. ನಾನು ನಾಟಕಕ್ಕೆ ಇಳಿದೆ. ತಾಟು ಮುಂದೆ ಬಂದೊಡನೆ ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, “ಆಹಾ, ಘಮಘಮ!” ಎನ್ನತೊಡಗಿದೆ. ಶಾಂತಾ ಪ್ರಸನ್ನಳಾದಳು. ಹೊಗಳಿಕೆಯಲ್ಲಿ ಜಿಪುಣನೆಂಬ ನನ್ನ ಹಳೆಯ ಅಪಖ್ಯಾತಿಯೂ ಸುಳ್ಳಿನ ಪುಣ್ಯದಿಂದ ತೊಳೆದುಹೋಯಿತು.

ಬಚ್ಚಿಟ್ಟದ್ದೇಕೆಂದು ನೀವು ಕೇಳಬಹುದು. ಭಯಕ್ಕೆ, ಮತ್ತೇನು! ನನ್ನ ಭಯಕ್ಕೆ ಒಂದು ಮುಖವಿತ್ತು, ಅದು ನಿಪ್ಪಾಣಿಯ ನಮ್ಮ ಚಿಕ್ಕಪ್ಪ ಭೂಪಾಲಕಾಕಾನದು. ಕಾಕಾ ತಂಬಾಕಿನ ಗೋದಾಮಿನಲ್ಲಿ, ನಮ್ಮ ಕಡೆಯ ಮಾತಿನಲ್ಲಿ ವಖಾರಿಯಲ್ಲಿ, ಮಾಲು ನೋಡಿ ದರ್ಜೆ ಹೇಳುತ್ತಿದ್ದವರು. ಒಂದು ಚಿಟಿಕೆ ತಂಬಾಕನ್ನು ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಇದು ಯಾವ ಊರ ಹೊಲದ್ದು, ಎಷ್ಟು ಬಿಸಿಲುಂಡದ್ದು ಎಂದು ನುಡಿದರೆ ಅದಕ್ಕೆ ಎದುರಾಡುವವರಿರಲಿಲ್ಲ. ಮೂರು ವರ್ಷದ ಹಿಂದೆ ಅವರ ಬಲಗೈ ನಡುಗತೊಡಗಿದಾಗ ಮಿರಜಿನ ದವಾಖಾನೆಗೆ ಕರೆದೊಯ್ದವನು ನಾನೇ. ಡಾಕ್ಟರು ಪಾರ್ಕಿನ್ಸನ್ ಎಂದರು. ಎಂದವರು ಕೈಯ ಸುದ್ದಿ ಬಿಟ್ಟು, ವಾಸನೆ ಬರುತ್ತದೆಯೇ ಎಂದು ಕೇಳಿದರು. ಜೊತೆಗೆ ಬಂದಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ನಕ್ಕುಬಿಟ್ಟಳು. “ಇವರ ಮೂಗಿನ ಮ್ಯಾಲೇ ನಿಪ್ಪಾಣಿ ಬಜಾರ ನಡೀತಿತ್ರಿ ಡಾಕ್ಟರ,” ಎಂದಳು. ಕಾಕಾ ಕಿಟಕಿಯತ್ತ ಮುಖ ತಿರುಗಿಸಿದರು. ಕೆಲವರಲ್ಲಿ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಘ್ರಾಣಶಕ್ತಿ ಹೋಗಿರುತ್ತದೆ ಎಂದು ಡಾಕ್ಟರು ವಿವರಿಸಿದ್ದನ್ನು ನಾನು ಒಳ್ಳೆಯ ವಿದ್ಯಾರ್ಥಿಯಂತೆ ಕೇಳಿಸಿಕೊಂಡಿದ್ದೆ.

ಮನೆಗೆ ಬಂದು ಪುಸ್ತಕ ತೆರೆದೆ. ನಮ್ಮ ದೇಹದ ಪ್ರೋಟೀನುಗಳು ಉದ್ದುದ್ದ ಎಳೆಗಳು. ತಕ್ಕ ಹಾಗೆ ಮಡಚಿಕೊಂಡರೆ ಕೆಲಸಕ್ಕೆ ಬರುತ್ತವೆ, ತಪ್ಪು ಮಡಿಕೆ ಬಿದ್ದರೆ ಕೆಡುತ್ತವೆ. ಈ ರೋಗದಲ್ಲಿ ಕೆಡುವುದು ಆಲ್ಫಾ-ಸೈನ್ಯೂಕ್ಲೀನ್ ಎಂಬೊಂದು ಪ್ರೋಟೀನು. ಕೆಡುವುದೇನೋ ಸರಿ, ಯಾವುದು ಕೆಡುವುದಿಲ್ಲ? ಆದರೆ ಇದು ತಾನು ಕೆಟ್ಟು ಸುಮ್ಮನಿರದೆ, ಪಕ್ಕದ ನಿರಪರಾಧಿಯನ್ನೂ ತನ್ನ ವಕ್ರಾಕೃತಿಗೇ ತಿರುಗಿಸುತ್ತದೆ. ಅದು ಇನ್ನೊಂದನ್ನು, ಇನ್ನೊಂದು ಮತ್ತೊಂದನ್ನು. ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ಜೀವಕೋಶದ ಒಳಗೂ ನಡೆಯುತ್ತದೆಂದು ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಹೊರಗಿನಿಂದ ಬಂದ ಕ್ರಿಮಿಯಿಲ್ಲ, ಜ್ವರವಿಲ್ಲ, ನೋವಿಲ್ಲ. ಮೂಗಿನ ಹಿಂದೆಯೋ ಕರುಳಿನಲ್ಲೋ ಮೊದಲಾಗಿ, ಸದ್ದಿಲ್ಲದೆ ಒಂದೊಂದೇ ನರಕೋಶ ದಾಟುತ್ತ ಮೇಲೇರುತ್ತದೆಂದು ಕೆಲವು ವಿಜ್ಞಾನಿಗಳ ಊಹೆ. ಈಗ ನಾನು ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗಲೂ ಅದು ಒಳಗೆ ನಡೆದಿರಬಹುದೆಂದು ನೆನೆದು, ಬ್ಲೇಡು ಹಿಡಿದ ಕೈಯನ್ನೇ ನೋಡುತ್ತ ನಿಲ್ಲುತ್ತೇನೆ.

ಹೋದ ವಾರ ಕಾಕಾನನ್ನು ನೋಡಲು ಹೋದೆ. ತಂಬಾಕಿನ ಹಂಗಾಮಿನಲ್ಲಿ ನಿಪ್ಪಾಣಿ ಬಂತೆಂದು ಕಂಡಕ್ಟರು ಕೂಗಬೇಕಿಲ್ಲ, ಮೂಗೇ ಎಬ್ಬಿಸುತ್ತದೆ. ಆ ದಿನ ನನ್ನನ್ನು ಕಂಡಕ್ಟರೇ ಎಬ್ಬಿಸಿದ. ವಖಾರಿಗಳ ಸಾಲಿನಲ್ಲಿ ಗಾಳಿ ತುಂಬ ತಂಬಾಕಿನ ಪುಡಿಯಿತ್ತು. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು, ಏಳೆಂಟು ಸೀನು ಸೀನಿದೆ, ವಾಸನೆ ಮಾತ್ರ ಬರಲಿಲ್ಲ. ಮಂದಿ ಅದೇ, ಅಂಗಡಿ ಅದೇ. ಆದರೂ ಯಾರೋ ಊರನ್ನು ಎತ್ತಿಕೊಂಡು ಹೋಗಿ ಅದರಂಥದೇ ಇನ್ನೊಂದನ್ನು ಇಟ್ಟುಬಿಟ್ಟಿದ್ದಾರೆ ಅನ್ನಿಸಿ, ನಡುಬಿಸಿಲಿನಲ್ಲಿ ಮೈ ಜುಂ ಎಂದಿತು.

ಕಾಕಾ ಪಡಸಾಲೆಯ ಕುರ್ಚಿಯಲ್ಲಿದ್ದರು. ಮುಖದಲ್ಲಿ ಚಲನೆಯಿಲ್ಲ, ರೆಪ್ಪೆ ಬಡಿಯುವುದೂ ಅಪರೂಪ. ಬಲಗೈಯ ಹೆಬ್ಬೆರಳು ತೋರುಬೆರಳು ಮಾತ್ರ ಒಂದನ್ನೊಂದು ತಿಕ್ಕುತ್ತಲೇ ಇದ್ದವು, ಇಲ್ಲದ ತಂಬಾಕಿನ ದರ್ಜೆ ನೋಡುವವರಂತೆ. ಹಳೆಯ ಗೆಳೆಯರಾರೋ ತಂದುಕೊಟ್ಟಿದ್ದ ತಂಬಾಕಿನ ಮಾದರಿಯ ಪೊಟ್ಟಣವನ್ನು ಎಡಗೈಯಲ್ಲಿ ನನ್ನತ್ತ ನೂಕಿ, “ನೋಡು,” ಎಂದರು. ನಾನು ಚಿಟಿಕೆ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದು, “ಭಾರಿ ಐತಿ ಕಾಕಾ, ಒಂದನೇ ನಂಬರ ಮಾಲು,” ಎಂದೆ.

ಅವರ ದನಿ ಪಿಸುಮಾತಿನಷ್ಟೇ ಉಳಿದಿದೆ. “ವಾಸನಿ ಬರಾವ್ರು ಕಣ್ಣು ಮುಚ್ಚೂದಿಲ್ಲೋ ತಮ್ಮಾ. ನಾ ಮುಚ್ಚತಿದ್ದೆ. ನಂದು ಹೋಗಿ ಹದಿನೈದು ವರ್ಷಾತು. ಬೆರಳಿಗೆ ತಿಳದದ್ದು ಹೇಳ್ತಿದ್ದೆ, ಮಂದಿ ಮೂಗು ಅಂತಿದ್ರು. ನಿಂದು ಹೋಗಿ ಎಷ್ಟು ದಿನಾತು?”

“ಆರು ತಿಂಗಳು,” ಎಂದೆ.

ಚಹಾ ಹಿಡಿದು ಬಂದ ಕಾಕು ಬಾಗಿಲಲ್ಲೇ ನಿಂತಿದ್ದಳು. “ಹದಿನೈದು ವರ್ಷ?” ಎಂದಳು. “ದಿನಾ ತಾಟ ಇಟ್ಟಾಗ ಘಮ್ ಅಂತೈತಿ ಅಂತಿದ್ರಲ್ಲಾ, ಮತ್ತ ನಾ ಯಾರಿಗೆ ಮಾಡಿ ಹಾಕ್ದೆ?” ಕಾಕಾನ ಮುಖ ಹಾಗೆಯೇ ಇತ್ತು. ನಾಚಿಕೆಯೋ ದುಃಖವೋ, ಅದನ್ನು ತೋರಿಸಲು ಆ ಮುಖಕ್ಕೆ ಈಗ ಆಗುವುದಿಲ್ಲ. ಬೆರಳುಗಳು ಮಾತ್ರ ಇನ್ನಷ್ಟು ವೇಗವಾಗಿ ತಿಕ್ಕತೊಡಗಿದವು. ನನಗೆ ಅಳು ಬಂತು.

ಬಸ್ಸಿನಲ್ಲಿ ನನಗೆ ನಾನೇ ಪಾಠ ಹೇಳಿಕೊಂಡೆ: ವಾಸನೆ ಹೋಗುವುದಕ್ಕೆ ವಯಸ್ಸು, ಹಳೆಯ ಶೀತ, ಹೀಗೆ ನೂರು ಕಾರಣಗಳಿರುತ್ತವೆ, ಹೋದವರಿಗೆಲ್ಲ ಆ ರೋಗವೇ ಬರಬೇಕೆಂದಿಲ್ಲ. ಪ್ರೋಟೀನು ನನ್ನ ಮಾತು ಕೇಳುವುದಿಲ್ಲ. ಸುಳ್ಳು ಹೇಳುವ ನಾಲಿಗೆಯಾದರೂ ಕೇಳೀತು.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ ನಮ್ಮದು. ನಾನು ಬರುವಾಗ ಶಾಂತಾ ಒಲೆಯ ಮುಂದೆ ಮಸಾಲೆ ಹುರಿಯುತ್ತಿದ್ದಳು. “ಹೆಂಗ ಬರಾಕತ್ತೈತ್ರಿ ವಾಸನಿ?” ಎಂದು ಬಾಣಲೆಯನ್ನು ನನ್ನತ್ತ ಹಿಡಿದಳು. ಮುಚ್ಚಲು ಹೊರಟ ಕಣ್ಣನ್ನು ಬಲವಂತವಾಗಿ ತೆರೆದಿಟ್ಟೆ.

“ಬರವಲ್ದು ಶಾಂತಾ. ಆರು ತಿಂಗಳಾತು.”

ಆಕೆ ಒಲೆ ಆರಿಸಿದಳು. “ಕಾಕಾರ ಹಾಂಗನ?” ಎಂದಳು.

“ಗೊತ್ತಿಲ್ಲ. ನಾಳೆ ಮಿರಜಿಗೆ ಹೋಗೂಣು.”

ಶಾಂತಾ ಮತ್ತೆ ಒಲೆ ಹಚ್ಚಿದಳು. ನನ್ನ ತೋಳು ಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಾಣಲೆಯ ಮೇಲೆ ಬಗ್ಗಿ, ವಾಸನೆ ಎಳೆದುಕೊಂಡು ಹೇಳತೊಡಗಿದಳು.

“ಕೊತ್ತಂಬರಿ ಕಾಳು ಇನ್ನಾ ಹಸಿ ಅದಾವ್ರಿ. ತಡೀರಿ... ಹಾಂ, ಈಗ ಲವಂಗ ಬರಾಕತ್ತು.”