ಗೆಳೆತನದ ಪುಸ್ತಕಕ್ಕೆ ಆನೆ ನುಗ್ಗಿದ್ದು

ಹೋದ ಭಾನುವಾರ ಅಕ್ಕನ ಮಗಳು ಧಾತ್ರಿ, ವಯಸ್ಸು ಐದು, ಯಾರೋ ಉಡುಗೊರೆ ಕೊಟ್ಟ ಚಿತ್ರಪುಸ್ತಕವನ್ನು ತಂದು ನನ್ನ ಮೂಗಿಗೇ ಒತ್ತಿ, "ಮಾಮ, ಓದು" ಅಂದಳು. ಹೊಸ ಪುಸ್ತಕದ ನುಣುಪು ಹಾಳೆಗೆ ಒಂದು ವಾಸನೆ ಇರುತ್ತದಲ್ಲ, ಒಂದಿಷ್ಟು ಅಂಟು, ಒಂದಿಷ್ಟು ಪೇಂಟು, ಅದು ತಾಗಿದ್ದೇ ನನ್ನ ಕಿವಿ ಬಿಸಿಯಾಯಿತು. ನಿಮಗೆ ವಾಸನೆ ಕುಡಿದು ನಾಚಿಕೆಯಾದದ್ದುಂಟೇ? ನನಗುಂಟು.

ಪುಸ್ತಕದಲ್ಲಿ ಒಂದು ಮೊಲ, ಒಂದು ಅಳಿಲು. ಒಂದು ಪುಟದಲ್ಲಿ ಅವುಗಳ ಜಗಳ, ಪುಟ ತಿರುಗಿಸಿದರೆ ಅಪ್ಪುಗೆ. ಇಷ್ಟು ಸಲೀಸಾಗಿ ರಾಜಿಯಾದ ಆ ಮೊಲದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಯಾಕೆಂದರೆ ಮಕ್ಕಳಿಗೆ ಗೆಳೆತನ ಕಲಿಸುವ ಪುಸ್ತಕವೊಂದನ್ನು ನಾನೂ ಬರೆದಿದ್ದೇನೆ. ಅದನ್ನು ಬರೆಯುವ ಮೊದಲು ನನಗೊಬ್ಬ ಗೆಳೆಯನಿದ್ದ.

ಅವನ ಹೆಸರು ಅಶ್ರಫ್. ಆಲ್ದೂರಿನಲ್ಲಿ ಅವನ ಅಬ್ಬನ ಜೀಪ್ ಗ್ಯಾರೇಜು. ಐದನೇ ಕ್ಲಾಸಿನಿಂದ ನಾವಿಬ್ಬರೂ ಒಂದೇ ಬೆಂಚು. ಅವನು ಲೆಕ್ಕದಲ್ಲೂ ಚಿತ್ರದಲ್ಲೂ ಹುಷಾರು. ನಾನು ಅವನ ಪಕ್ಕ ಕೂರುವುದರಲ್ಲಿ ಹುಷಾರು. ದೊಡ್ಡವನಾದ ಮೇಲೆ ಅವನು ಜೀಪು ರಿಪೇರಿಯ ಜೊತೆಗೆ ನಂಬರ್ ಪ್ಲೇಟು, ಎಸ್ಟೇಟಿನ ಬೋರ್ಡುಗಳನ್ನೆಲ್ಲ ಬರೆಯುತ್ತಿದ್ದ. ಒಂದು ಪಿಕಪ್ಪಿನ ಹಿಂದೆ ಅವನು ಬಿಡಿಸಿದ ನವಿಲು ಎಷ್ಟು ಚೆನ್ನಾಗಿತ್ತೆಂದರೆ, ಗರಿಗೆ ಗೀರು ಬೀಳುತ್ತದೆಂದು ಅದರ ಮಾಲೀಕ ಸೌದೆ ತುಂಬುವುದನ್ನೇ ಬಿಟ್ಟ. ನಾನಾದರೋ ಮದುವೆ ಕಾಗದಗಳಿಗೆ ನಾಲ್ಕು ಸಾಲು ಪ್ರಾಸ ಹೊಸೆದು, ನನ್ನನ್ನು ನಾನೇ ಸಾಹಿತಿ ಅಂದುಕೊಂಡಿದ್ದೆ. ಬೇರೆ ಯಾರೂ ಅಂದುಕೊಳ್ಳದ ಕಾರಣ ಆ ಕೆಲಸವೂ ನನ್ನ ಮೇಲೇ ಬಿದ್ದಿತ್ತು.

ಎರಡು ವರ್ಷದ ಕೆಳಗೆ ನಮ್ಮೂರ ಶಾಲೆಯ ವಿಮಲಾ ಟೀಚರ್ ನಮ್ಮಿಬ್ಬರನ್ನೂ ನಿಲ್ಲಿಸಿ, "ಬರೋ ಪುಸ್ತಕದಲ್ಲೆಲ್ಲ ಬರೀ ಹಿಮ, ಪೆಂಗ್ವಿನ್ನು. ನಮ್ಮ ಕಡೆದು ಅಂತ ಒಂದು ಕಥೆ ಮಾಡ್ಕೊಡ್ರೋ. ಗೆಳೆತನದ ಬಗ್ಗೆ ಇರ್ಲಿ. ಈ ಮಕ್ಳು ಒಂದು ಪೆನ್ಸಿಲ್ಲಿಗೆ ಜುಟ್ಟು ಹಿಡ್ಕೊಂಡು ಹೊಡೆದಾಡ್ತವೆ" ಅಂದರು.

ನನಗೆ ಅಲ್ಲೇ ಸ್ಫೂರ್ತಿ ಬಂತು. ಪುಟ್ಟ ಅನ್ನುವ ಹುಡುಗ, ಗುಂಡ ಅನ್ನುವ ಕಾಡಾನೆ, ಇಬ್ಬರಿಗೂ ಗೆಳೆತನ.

"ಆನೆ ಬೇಡ ಮಾರಾಯ," ಅಂದ ಅಶ್ರಫ್.

"ಎಂತಕ್ಕೆ?"

"ನಮ್ಮ ಮಕ್ಳಿಗೆ ಆನೆ ಅಂದ್ರೆ ಎಂತ ಅಂತ ನಿಂಗೆ ಗೊತ್ತಿಲ್ವಾ? ನಾಯಿ ಮಾಡುವ."

"ನಾಯಿ ಕಥೆ ಯಾರು ಬೇಕಾದ್ರೂ ಬರೀತಾರೆ. ನೀ ಚಿತ್ರ ಬಿಡ್ಸು, ಸಾಹಿತ್ಯ ನಂಗೆ ಬಿಡು."

ಬಿಟ್ಟ. ಒಂದು ತಿಂಗಳು ದಿನಾ ಸಂಜೆ ಗ್ಯಾರೇಜಿನ ಕೆಲಸ ಮುಗಿಸಿ, ಜೀಪಿಗೆ ಬಳಿದು ಉಳಿದ ಪೇಂಟಿನಲ್ಲೇ ದಪ್ಪ ರಟ್ಟಿನ ಮೇಲೆ ಹನ್ನೆರಡು ಚಿತ್ರ ಬಿಡಿಸಿದ. ಆನೆಯ ಕಣ್ಣಿನ ಸುತ್ತ ಸುಕ್ಕು, ಸೊಂಡಿಲ ಮೇಲೆ ಒಣಗಿದ ಕೆಸರು, ಕಾಲಡಿಯಲ್ಲಿ ಮುರಿದ ಕಾಫಿ ಗಿಡ, ಎಲ್ಲ ಕಂಡದ್ದು ಕಂಡ ಹಾಗೆ. ನಾನು ಪಕ್ಕದಲ್ಲಿ ಕೂತು ಅವನ ಅಬ್ಬ ತರಿಸಿದ ಟೀ ಕುಡಿಯುತ್ತ ಪ್ರೋತ್ಸಾಹ ಕೊಟ್ಟೆ. ಕೊನೆಗೆ ಮುಖಪುಟದ ಮೇಲೆ "ಕಥೆ, ಕಲ್ಪನೆ, ನಿರ್ದೇಶನ" ಅಂತ ನನ್ನ ಹೆಸರನ್ನು ಅಂಗೈಯಗಲ ಬರೆಸಿದೆ. "ಚಿತ್ರ: ಅಶ್ರಫ್" ಅನ್ನುವುದು ಮೂಲೆಯಲ್ಲಿ, ಇರುವೆ ಸಾಲಿನಷ್ಟು. ಎರಡನ್ನೂ ಬರೆದವನು ಅವನೇ. ಬರೆದು ಮುಗಿಸಿ, ಬ್ರಷ್ಷು ಮಾತ್ರ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ತೊಳೆದ.

ಓದುವ ದಿನ ಬಂತು. ಶಾಲೆಯಲ್ಲಿದ್ದದ್ದು ಹತ್ತೊಂಬತ್ತು ಮಕ್ಕಳು. ಅಷ್ಟಕ್ಕೆ ಮೈಕ್ ಬೇಕಿರಲಿಲ್ಲ, ನನಗೆ ಬೇಕಿತ್ತು. ಅಪ್ಪ ಅಮ್ಮಂದಿರು ಬಂದಿದ್ದರು. ಅಶ್ರಫನ ಅಬ್ಬ ಗ್ಯಾರೇಜು ಮುಚ್ಚಿ, ಬಿಳಿ ಅಂಗಿ ಹಾಕಿಕೊಂಡು, ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಮಗನ ಚಿತ್ರ ನೋಡಲು ಅವರು ಗ್ಯಾರೇಜು ಮುಚ್ಚಿದ್ದು ಅದೇ ಮೊದಲು.

ಮೂರನೇ ಪುಟಕ್ಕೆ ಬಂದೆ. "ಸಂಜೆಯಾಯಿತು. ಗುಂಡ ತೋಟ ದಾಟಿ ಪುಟ್ಟನ ಮನೆಗೆ ಬಂದ. ಟಕ್ ಟಕ್ ಟಕ್!" ಅಂತ ಚಿತ್ರ ಎತ್ತಿ ತೋರಿಸಿದೆ.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಅಣ್ಣ, ಅದು ಒಂಟಿ ಆನೆನಾ, ಗುಂಪಿಂದಾ?"

"ಗ್ರೂಪಿಗೆ ಮೆಸೇಜ್ ಹಾಕಿದ್ರಾ?" ಇನ್ನೊಬ್ಬ ಕೇಳಿದ. ಆನೆ ಎಲ್ಲಿದೆ ಅಂತ ತಿಳಿಸಲು ಊರಿಗೊಂದು ವಾಟ್ಸಾಪ್ ಗ್ರೂಪಿದೆ. ಅವನ ಮನೆಯಲ್ಲಿ ಬೆಳಿಗ್ಗೆ ಅದನ್ನು ನೋಡದೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ.

"ಇಲ್ಲ ಮಕ್ಳೇ, ಇದು ಒಳ್ಳೆ ಆನೆ. ಗೆಳೆಯ!"

"ಗೆಳೆಯ ಆದ್ರೆ ಕಾಫಿ ಗಿಡ ಎಂತಕ್ಕೆ ಮುರೀತು?"

"ಆನೆ ಬಂತಲ್ಲ, ನಾಳೆ ಸ್ಕೂಲಿಗೆ ರಜಾನಾ?"

"ಬಾಗ್ಲು ತೆಗೀಬೇಡ ಪುಟ್ಟಾ!" ಅಂತ ಹಿಂದಿನಿಂದ ಒಬ್ಬ ಕಿರುಚಿದ. ಒಂದು ಸಣ್ಣದು ಬೆಂಚಿನ ಕೆಳಗೆ ಸೇರಿ ಅಮ್ಮನನ್ನು ಕರೆದು ಅಳತೊಡಗಿತು. ದೊಡ್ಡವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಾನೂ ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ನಗಲಿಲ್ಲ. ಮೈಕಿನಲ್ಲೇ ಹೇಳಿದೆ: "ಕಥೆ ಸರಿ ಇದೆ ಟೀಚರ್. ಚಿತ್ರದವನದ್ದು ತಪ್ಪು. ಗ್ಯಾರೇಜಿನವನಿಗೆ ಮಕ್ಕಳ ಪುಸ್ತಕ ಎಂತ ಗೊತ್ತಾಗ್ತದೆ?"

ನಗು ನಿಂತಿತು. ಅಬ್ಬ ಒಮ್ಮೆ ತಮ್ಮ ಕೈಗಳನ್ನು ನೋಡಿಕೊಂಡರು. ಅಶ್ರಫ್ ಹಿಂದಿನಿಂದ ಬಂದು, "ನಡೀರಿ ಅಬ್ಬಾ" ಅಂದು ಕರೆದುಕೊಂಡು ಹೋದ.

ಆಮೇಲಿನ ಎರಡು ವರ್ಷ ನಾನು ಮಾಡಿದ ಸಾಹಸಗಳನ್ನು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ. ಸ್ಕೂಟರಿನ ಬ್ರೇಕು ಹೋದಾಗಲೂ ಅವನ ಗ್ಯಾರೇಜಿನ ಎದುರು ತಲೆ ತಗ್ಗಿಸಿ ದಾಟಿ, ಇಳಿಜಾರಿನಲ್ಲೆಲ್ಲ ಕಾಲು ಉಜ್ಜಿಕೊಂಡು ಮೂಡಿಗೆರೆಯ ಇನ್ನೊಂದು ಗ್ಯಾರೇಜು ತಲುಪಿದೆ. ಹೊರಟಾಗ ಕಾಲಲ್ಲಿ ಎರಡು ಚಪ್ಪಲಿ ಇದ್ದವು. ತಲುಪಿದಾಗ ಎರಡು ಉಂಗುಷ್ಟ. ಒಂದು ಕ್ಷಮೆಗಿಂತ ಇದೇ ಸುಲಭ ಅನ್ನಿಸಿತ್ತು ನೋಡಿ.

ಈಚೆಗೆ ಟೀಚರ್ ಸಿಕ್ಕಿದ್ದರು. "ನಿಮ್ಮ ಪುಸ್ತಕ ಮಕ್ಳು ಕೆಳಗಿಡಲ್ಲ ಕಣೋ. ನಿನ್ನ ಕಥೆ ಮೇಲೆ ಬಿಳಿ ಕಾಗದ ಅಂಟಿಸಿ ಅವ್ರದ್ದೇ ಕಥೆ ಬರ್ಕೊಂಡಿದಾವೆ. ಚಿತ್ರ ಮಾತ್ರ ಮುಟ್ಟಿಲ್ಲ" ಅಂದರು. ನಾನು ಹಲ್ಲು ಕಿರಿದು ಬಂದೆ.

ಭಾನುವಾರ ಧಾತ್ರಿಗೆ ಎರಡನೇ ಸಲ ಓದುತ್ತಿದ್ದವನು ಜಗಳದ ಪುಟದಲ್ಲೇ ನಿಂತುಬಿಟ್ಟಿದ್ದೆ. ಅವಳು ನನ್ನ ಮುಖ ನೋಡಿ, "ಹೆದ್ರಬೇಡ ಮಾಮ, ಮುಂದೆ ಎಂತ ಆಗಲ್ಲ. ಸಾರಿ ಹೇಳ್ತವೆ ಅಷ್ಟೆ" ಅಂದು ಪುಟ ತಿರುಗಿಸಿದಳು.

ಸೋಮವಾರ ಇಸ್ತ್ರಿ ಅಂಗಿ ಹಾಕಿಕೊಂಡು ಆಲ್ದೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಉಪಮೆಗಳಿಂದ ತುಂಬಿದ ಒಂದು ಭಾಷಣ ತಯಾರು ಮಾಡಿದ್ದೆ. ಗ್ಯಾರೇಜಿನಲ್ಲಿ ನೋಡಿದರೆ ಭಾಷಣ ಕೇಳಲು ಇದ್ದದ್ದು, ಜೀಪಿನ ಅಡಿಯಿಂದ ಹೊರಚಾಚಿದ ಎರಡು ಕಾಲು. ಪಕ್ಕದಲ್ಲಿ ಅಬ್ಬ ಒಂದು ಪಿಕಪ್ಪಿನ ಬಾನೆಟ್ಟು ಎತ್ತಿ, ಅದರ ಇಂಜಿನ್ನು ಗುಡುಗಿಸುತ್ತಿದ್ದರು.

"ಅಶ್ರಫಾ."

"ಯಾರು?" ಅಂದಿತು ಜೀಪು.

"ನಾನು. ಅವತ್ತು ತಪ್ಪು ನಂದೇ. ನೀ ಆನೆ ಬೇಡ ಅಂದಿದ್ದೆ. ಮೈಕಲ್ಲಿ ಹೇಳಿದ್ದು ಸುಳ್ಳು. ಚಿತ್ರ ಚೆನ್ನಾಗಿತ್ತು."

ಒಂದು ಕಾಲು ಇನ್ನೊಂದರ ಹಿಮ್ಮಡಿ ಕೆರೆದುಕೊಂಡಿತು.

"ನಂಗಲ್ಲ. ಅಬ್ಬಂಗೆ ಹೇಳು. ಎದ್ರು ಕುರ್ಚೀಲಿ ಕೂತಿದ್ದು ಅವ್ರು."

ಅಬ್ಬನ ಬಳಿ ಹೋಗಿ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಆ ಇಂಜಿನ್ ಶಬ್ದಕ್ಕೆ ಕೇಳಲ್ಲ ಅವ್ರಿಗೆ. ಜೋರಾಗಿ ಹೇಳು," ಅಂದವು ಕಾಲುಗಳು.

ಜೋರಾಗಿ ಹೇಳಿದೆ. ಆಗಲಿಲ್ಲ. ಮೂರನೇ ಸಲ ಗಂಟಲು ಹರಿಯುವಂತೆ, "ತಪ್ಪು ನಂದು! ಅಶ್ರಫನ ಚಿತ್ರ ಚೆನ್ನಾಗಿತ್ತು! ನನ್ನ ಕಥೆ ಕೆಟ್ಟದಾಗಿತ್ತು!" ಅಂತ ಕೂಗಿದೆ. ಎದುರಿನ ಬೇಕರಿಯಲ್ಲಿ ಪಪ್ಸ್ ತಿನ್ನುತ್ತಿದ್ದವರು ಬಾಯಿ ನಿಲ್ಲಿಸಿದರು. ಆಟೋದವರು ಇಳಿದು ಬಂದರು. ಚಿಕ್ಕಮಗಳೂರಿನ ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆ.

ಅಬ್ಬ ನಿಧಾನಕ್ಕೆ ಇಂಜಿನ್ನು ಆಫ್ ಮಾಡಿ, ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ಮೊದಲನೇ ಸಲನೇ ಕೇಳ್ಸಿತು ಮಗಾ," ಅಂದರು.

ಜೀಪಿನ ಅಡಿಯಲ್ಲಿ ಕಾಲುಗಳು ಕುಲುಕುಲು ಕುಲುಕತೊಡಗಿದವು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ನಕ್ಕು ನಕ್ಕು ಉಸಿರು ಕಟ್ಟಿದ ದನಿ ಬಂತು: "ಅಲ್ಲಿ ನಿಂತು ಎಂತ ಮಾಡ್ತೀಯ ಮಾರಾಯ? ಬಾ, ಟಾರ್ಚ್ ಹಿಡಿ."

ಇಸ್ತ್ರಿ ಅಂಗಿಯಲ್ಲೇ ಆಯಿಲ್ಲಿನ ನೆಲಕ್ಕೆ ಮಲಗಿ ಒಳಗೆ ತೆವಳಿದೆ.